ಕಡಲು ಬೆರೆಸಬಲ್ಲುದು, ಅಳಿಸಲಾರದು

ಕೆನಡ ದೇಶದ ಪಶ್ಚಿಮ ಕರಾವಳಿಯ ವಿಕ್ಟೋರಿಯ ನಗರವು 2020ರ ವರೆಗೂ ತನ್ನ ಕೊಳಚೆ ನೀರನ್ನು 6 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿ ಸಮುದ್ರಕ್ಕೆ ಬಿಡುತ್ತಿದ್ದಿತು. ಅಲ್ಲಿಯ ಪ್ರವಾಹಗಳು ಪ್ರಬಲವಾದುವು. ಆದುದರಿಂದ ಶುದ್ಧೀಕರಣವು ಅನಾವಶ್ಯಕವೆಂದು ಕೆಲವು ವಿಜ್ಞಾನಿಗಳೇ ವಾದಿಸಿದ್ದರು. ಈ ವಾದವು ಪೂರ್ಣ ಸುಳ್ಳಲ್ಲ; ಸಾವಯವ ಕಲ್ಮಷವನ್ನು ಕಡಲಿನ ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ಜೀರ್ಣಿಸಿಕೊಳ್ಳುವುವು. ಆದರೆ ಬೆರಕೆಯಿಂದ ಕುಗ್ಗುವುದು ಸಾಂದ್ರತೆಯೇ ಹೊರತು ದ್ರವ್ಯರಾಶಿಯಲ್ಲ. ಸೀಸ, ಪಾದರಸಗಳನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಅವು ತಳದ ಕೆಸರನ್ನೂ ಚಿಪ್ಪಿನ ಪ್ರಾಣಿಗಳನ್ನೂ ಸೇರುವುವು. ಶುದ್ಧೀಕರಣವೂ ಲೋಹವನ್ನು ನಾಶಮಾಡದು, ನಿಜ. ಆದರೆ ಅದರ ಬಹುಭಾಗವನ್ನು ಗಸಿಯೊಡನೆ ಹಿಡಿದಿಡುವುದು. ಇಂದು ಅಲ್ಲಿಯ ಸ್ಥಾವರವು ದಿನಕ್ಕೆ 10.8 ಕೋಟಿ ಲೀಟರ್ ನೀರನ್ನು ಶುದ್ಧಿಮಾಡಬಲ್ಲುದು. ಹಿಡಿದಿಟ್ಟುದನ್ನು ಅಳೆಯಬಹುದು, ಕಾಯಬಹುದು. ಕಡಲಿಗೆ ಚೆಲ್ಲಿದುದನ್ನು ಮರಳಿ ಕೂಡಿಸಲಾಗದು. ಕಡಲಿನ ವೈಶಾಲ್ಯವು ನಮ್ಮ ಹೊಣೆಗೇಡಿತನಕ್ಕೆ ನೆಪವಾಗಕೂಡದು.