ಇಪ್ಪತ್ತು ಸಾವಿರ, ಆದರೆ ಯಾವ ಲೆಕ್ಕದಲ್ಲಿ?

ಒಂದು ಮಾಸ್ ಸ್ಪೆಕ್ಟ್ರೋಮೀಟರಿನ ರೆಸಲ್ಯೂಷನ್ 10,000, ಇನ್ನೊಂದರದು 20,000 ಎಂದರೆ ಎರಡನೆಯದು ಇಮ್ಮಡಿ ಸಮರ್ಥವೆಂದೇ ಯಾರಿಗೂ ತೋರುತ್ತದೆ. ವಾಸ್ತವದಲ್ಲಿ ಎರಡರ ಸಾಮರ್ಥ್ಯವೂ ಹೆಚ್ಚುಕಡಿಮೆ ಒಂದೇ ಆಗಿರಬಹುದು. ವ್ಯಾಖ್ಯೆಯನ್ನು ಬಿಟ್ಟು ಅಂಕಿಯನ್ನಷ್ಟೇ ಅಚ್ಚು ಮಾಡುವ ರೂಢಿಯನ್ನು ನಾನು ಒಪ್ಪಲಾರೆ.

ಈ ಉಪಕರಣವು ಅಯಾನುಗಳನ್ನು ದ್ರವ್ಯರಾಶಿ ಹಾಗೂ ವಿದ್ಯುದಾವೇಶಗಳ ಅನುಪಾತಕ್ಕನುಗುಣವಾಗಿ ಬೇರ್ಪಡಿಸಿ, ನಕ್ಷೆಯ ಮೇಲೆ ಶಿಖರಗಳಾಗಿ ತೋರಿಸುತ್ತದೆ. ಸಾರಜನಕದ ಅಣುವಿನ ತೂಕ 28. ಕಾರ್ಬನ್ ಮಾನಾಕ್ಸೈಡಿನದೂ 28. ಸೂಕ್ಷ್ಮವಾಗಿ ಅಳೆದರೆ ಮೊದಲನೆಯದು 28.006, ಎರಡನೆಯದು 27.995. 28ನ್ನು ಈ 0.011ರ ಅಂತರದಿಂದ ಭಾಗಿಸಿದರೆ ಸುಮಾರು 2,500. ಇವೆರಡನ್ನು ಬಿಡಿಸಲು ಬೇಕಾದ ರೆಸಲ್ಯೂಷನ್ ಅಷ್ಟು ಎನ್ನುತ್ತಾರೆ.

ಆದರೆ ‘ಬಿಡಿಸುವುದು’ ಎಂದರೇನು? ಆಯಸ್ಕಾಂತೀಯ ಉಪಕರಣಗಳ ಕಾಲದ ವ್ಯಾಖ್ಯೆ ಕಟ್ಟುನಿಟ್ಟಿನದು: ಸಮಾನ ಎತ್ತರದ ಎರಡು ಶಿಖರಗಳ ನಡುವಣ ಕಣಿವೆಯು ಆ ಎತ್ತರದ ಶೇಕಡಾ 10ಕ್ಕೆ ಇಳಿಯಬೇಕು. ಇಂದು ಹೆಚ್ಚು ಬಳಕೆಯಲ್ಲಿರುವ ವ್ಯಾಖ್ಯೆಗೆ ಒಂಟಿ ಶಿಖರವೇ ಸಾಕು. ಅರ್ಧ ಎತ್ತರದಲ್ಲಿ ಅದಕ್ಕಿರುವ ಅಗಲದಿಂದ ದ್ರವ್ಯರಾಶಿಯನ್ನು ಭಾಗಿಸುತ್ತಾರೆ. ಅಳೆಯಲು ಇದು ಸುಲಭ, ಆಕ್ಷೇಪವಿಲ್ಲ. ಆದರೆ ಗಾಸಿಯನ್ ಆಕಾರದ ಶಿಖರಕ್ಕೆ ಇದು ಕೊಡುವ ಅಂಕಿ ಹಳೆಯದರ ಎರಡು ಪಟ್ಟಿಗಿಂತ ತುಸು ಹೆಚ್ಚು. ಈ ಲೆಕ್ಕದ 2,500ರಲ್ಲಿ ಮೇಲಿನ ಎರಡು ಅನಿಲಗಳ ಶಿಖರಗಳು ಸಮವಾಗಿದ್ದರೂ ನಡುವೆ ಕಾಣುವುದು ಎತ್ತರದ ಶೇಕಡಾ 6ರಷ್ಟು ಆಳದ ತಗ್ಗು ಮಾತ್ರ. ಒಂದು ಇನ್ನೊಂದರ ಹತ್ತನೆಯ ಒಂದು ಪಾಲಾಗಿದ್ದರೆ ಆ ತಗ್ಗೂ ಇಲ್ಲ. ಸಣ್ಣದು ದೊಡ್ಡದರ ಇಳಿಜಾರಿನಲ್ಲಿ ಅಡಗಿಹೋಗುತ್ತದೆ.

ಅತ್ಯಲ್ಪ ಪ್ರಮಾಣದಲ್ಲೂ ವಿಷಕಾರಿಯಾದ ಡಯಾಕ್ಸಿನ್‌ಗಳನ್ನು ಹುಡುಕುವಲ್ಲಿ ಇದು ಕೇವಲ ಪಂಡಿತರ ಜಗಳವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1613ನೆಯ ವಿಧಾನವು 10,000 ಎಂದು ಹೇಳಿ ಸುಮ್ಮನಾಗುವುದಿಲ್ಲ. ಶೇಕಡಾ 10ರ ಕಣಿವೆಯನ್ನೂ ಹೆಸರಿಸುತ್ತದೆ.

ಎಲ್ಲಿ ಅಳೆದದ್ದು ಎಂಬುದನ್ನೂ ಕೇಳಬೇಕು. ಆರ್ಬಿಟ್ರ್ಯಾಪ್ ಉಪಕರಣದಲ್ಲಿ ಆ ಅನುಪಾತ 200 ಇರುವಲ್ಲಿ 1,20,000 ಇದ್ದ ರೆಸಲ್ಯೂಷನ್, 800ರಲ್ಲಿ 60,000ಕ್ಕೆ ಕುಸಿಯುತ್ತದೆ. ಇಂಗ್ಲಿಷಿನ ಗೊಂದಲ ಬೇರೆ: ಕೆಲವು ಗ್ರಂಥಗಳು ಬಿಡಿಸಬಲ್ಲ ಕನಿಷ್ಠ ಅಂತರವನ್ನೇ ರೆಸಲ್ಯೂಷನ್ ಎನ್ನುತ್ತವೆ. ಆಗ ಅಂಕಿ ಕಿರಿದಾದಷ್ಟೂ ಯಂತ್ರ ಉತ್ತಮ!

ಸಾರ್ವಜನಿಕ ಹಣದ ಖರೀದಿಯಲ್ಲಿ ಈ ಮೌನ ದುಬಾರಿ. ‘ಕನಿಷ್ಠ 20,000’ ಎಂದಷ್ಟೇ ಬರೆದ ಟೆಂಡರಿಗೆ, ಕಣಿವೆಯ ಲೆಕ್ಕದಲ್ಲಿ 10,000ವನ್ನೂ ಮುಟ್ಟದ ಯಂತ್ರ ಅರ್ಹವಾಗುತ್ತದೆ; ಬೆಲೆ ಕಡಿಮೆಯಿದ್ದರೆ ಅದನ್ನೇ ಕೊಳ್ಳಬೇಕಾಗುತ್ತದೆ. ಡಯಾಕ್ಸಿನ್ ಪರೀಕ್ಷೆಗೆ ಅದು ಒದಗದೆಂದು ತಿಳಿಯುವುದು ಯಂತ್ರ ಪ್ರಯೋಗಾಲಯಕ್ಕೆ ಬಂದಿಳಿದ ಮೇಲೆ.