‘ಲೇಡಿ’ ಎಂಬ ಶಬ್ದದ ನಿಜಾರ್ಥ

ಬಾಲಿಕಾ ಪಾಠಶಾಲೆಗಳಲ್ಲಿ ‘ಲೇಡಿ’ ಎಂಬ ಆಂಗ್ಲ ಶಬ್ದವು ಬಹುಕಾಲದಿಂದ ಕೇಳಿಬರುತ್ತಿದೆ. ಲೇಡಿಯಂತೆ ನಡೆದುಕೊಳ್ಳಬೇಕೆಂದು ಹುಡುಗಿಯರಿಗೆ ಬುದ್ಧಿ ಹೇಳುವುದುಂಟು. ಮಗಳು ಕಲಿತು ಲೇಡಿಯಾಗಲೆಂದು ತಂದೆತಾಯಿಗಳು ಹಾರೈಸುವುದೂ ಉಂಟು. ಆದರೆ ನಯವಾದ ಉಡುಪು, ಮೆಲುದನಿ, ಮಸಿ ತಾಗದ ಕೈ, ಇಷ್ಟನ್ನೇ ಈ ಶಬ್ದದ ಅರ್ಥವೆಂದು ಗ್ರಹಿಸುವವರು ಅನೇಕರು. ಇದರ ಮೂಲವು ಈ ಭಾವನೆಗೆ ತೀರ ವ್ಯತಿರಿಕ್ತವಾದುದೆಂದು ವಾಚಕರಿಗೆ ಅರಿಕೆ ಮಾಡಬಯಸುತ್ತೇವೆ.

ಪ್ರಾಚೀನ ಆಂಗ್ಲ ಭಾಷೆಯಲ್ಲಿ ಇದರ ರೂಪವು ‘ಹ್ಲ್ಯಾಫ್‌ಡೀಗೆ’ ಎಂದಿತ್ತು. ಇದರ ಮೊದಲ ಭಾಗಕ್ಕೆ ರೊಟ್ಟಿಯೆಂದೂ ಎರಡನೆಯದಕ್ಕೆ ನಾದುವವಳೆಂದೂ ಅರ್ಥ. ‘ಲಾರ್ಡ್’ ಎಂಬುದು ‘ಹ್ಲಾಫ್‌ವೆಯರ್ಡ್’, ಅಂದರೆ ರೊಟ್ಟಿಯನ್ನು ಕಾಯುವವನು. ಮನೆಯ ಆಳಿಗೆ ರೊಟ್ಟಿಯನ್ನು ಉಣ್ಣುವವನೆಂಬ ಹೆಸರಿತ್ತು. ಅನ್ನವಿಕ್ಕುವ ಹೊಣೆಯಿಂದಲೇ ಒಡೆತನದ ಹೆಸರು ಹುಟ್ಟಿತೆಂಬುದು ಇದರಿಂದ ತಿಳಿಯುತ್ತದೆ. ಯಜ್ಞವನ್ನು ಮಾಡಿಸುವವನು ನಮ್ಮಲ್ಲಿ ಮನೆಯ ‘ಯಜಮಾನ’ನಾದುದೂ ಇಂಥದೇ ಸಂಗತಿ.

ಈ ಶಬ್ದದಿಂದ ಹಲವು ನುಡಿಗಳು ಬೆಳೆದಿವೆ. ನಾವು ಪಲ್ಯಕ್ಕೆ ಹೆಚ್ಚುವ ಬೆಂಡೆಕಾಯಿಗೆ ‘ಲೇಡೀಸ್ ಫಿಂಗರ್’ ಎಂಬ ಹೆಸರು. ಗುಲಗಂಜಿ ಹುಳಕ್ಕೆ ‘ಲೇಡಿಬರ್ಡ್’ ಎನ್ನುವರು. ಮಾರ್ಚ್ 25ನೆಯ ದಿನಕ್ಕೆ ‘ಲೇಡಿ ಡೇ’ ಎನ್ನುವರು. 1752ನೆಯ ಇಸವಿಯಲ್ಲಿ ವರ್ಷಾರಂಭವು ಜನವರಿಗೆ ಸೇರುವ ಮುಂಚೆ ಇಂಗ್ಲೆಂಡಿನಲ್ಲಿ ಅಂದೇ ಹೊಸ ವರ್ಷವು. ಈ ಕಡೆಯ ಎರಡು ನುಡಿಗಳಲ್ಲಿಯೂ ಲೇಡಿಯೆಂದರೆ ಕರ್ತನ ತಾಯಿಯಾದ ಮರಿಯಳು. ಆಕೆಯಾದರೋ ತನ್ನನ್ನು ಕರ್ತನ ದಾಸಿಯೆಂದೇ ಕರೆದುಕೊಂಡಳು.

‘ದೀಪಧಾರಿಣಿಯಾದ ಲೇಡಿ’ ಎಂದು ಪ್ರಸಿದ್ಧಳಾದ ಫ್ಲಾರೆನ್ಸ್ ನೈಟಿಂಗೇಲಳು ಸಿರಿವಂತರ ಮಗಳು. ದಾದಿಯ ಕೆಲಸವು ಕುಲೀನರಿಗೆ ತಕ್ಕುದಲ್ಲವೆಂದು ಮನೆಯವರು ತಡೆದರು. ಆದರೂ ಆಕೆ 1854ರಲ್ಲಿ 38 ಮಂದಿ ಸ್ತ್ರೀಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೊರಟಳು. ಹುಟ್ಟಿನಿಂದ ದೊರೆತ ಗೌರವಕ್ಕಿಂತ ಗಾಯಾಳುಗಳ ಹಾಸಿಗೆಯ ಬಳಿಯಲ್ಲಿ ಗಳಿಸಿದ ಗೌರವವೇ ಆಕೆಗೆ ಸ್ಥಿರವಾಗಿ ನಿಂತಿತು.

ಹಾಗಾದರೆ ಹೆಣ್ಣಿಗೆ ಹಿಟ್ಟು ನಾದುವುದೇ ಸಾಕು, ಓದು ಬೇಡವೆಂದು ಯಾರಾದರೂ ವಾದಿಸಿಯಾರು. ಇದನ್ನು ನಾವು ಒಪ್ಪೆವು. ಶಬ್ದದ ಮೂಲವು ಮನುಷ್ಯರಿಗೆ ಹಾಕಿದ ಬೇಲಿಯಲ್ಲ. ಜ್ಞಾನೋಕ್ತಿಗಳ 31ನೆಯ ಅಧ್ಯಾಯದಲ್ಲಿ ವರ್ಣಿತಳಾದ ಗುಣವತಿಯು ಕತ್ತಲಿರುವಾಗಲೇ ಎದ್ದು ಮನೆಯವರಿಗೆ ಆಹಾರವನ್ನು ಒದಗಿಸುತ್ತಾಳೆ; ಹೊಲವನ್ನು ನೋಡಿ ಕೊಂಡುಕೊಳ್ಳುತ್ತಾಳೆ; ಬಡವರಿಗೆ ಕೈನೀಡುತ್ತಾಳೆ; ಜ್ಞಾನದಿಂದ ಬಾಯಿ ತೆರೆಯುತ್ತಾಳೆ. ಇವುಗಳಲ್ಲಿ ಒಂದನ್ನು ಹಿಡಿದು ಉಳಿದವುಗಳನ್ನು ಬಿಡುವುದು ನ್ಯಾಯವಲ್ಲ. ಇದಲ್ಲದೆ ರೊಟ್ಟಿಯ ಹೊಣೆಯು ಲಾರ್ಡನಿಗೂ ಇದ್ದುದರಿಂದ, ಗಂಡುಮಕ್ಕಳ ತಂದೆತಾಯಿಗಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಆದಕಾರಣ, ಪ್ರಿಯ ಸಹೋದರಿಯರೇ, ವೈದ್ಯಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ, ಯಾರ ಕೈಯಿಂದ ಇತರರ ಹಸಿವೆಯೂ ನೋವೂ ನೀಗುವವೋ ಅವಳೇ ನಿಜವಾದ ಲೇಡಿ ಎಂಬುದು ನಮ್ಮ ಅಭಿಪ್ರಾಯವು. ಮಗಳ ಕೈ ಎಷ್ಟು ನುಣುಪಾಗಿದೆಯೆಂದು ನೋಡುವುದನ್ನು ಬಿಟ್ಟು, ಅದು ಯಾರಿಗೆ ಆಸರೆಯಾಗಿದೆಯೆಂದು ನೋಡಿರಿ.