ಆಣೆ ಹಾಕಿಸುವ ಮೊದಲು ಆಸ್ಪತ್ರೆ



ತಪಸ್ಸುಕಾಲ ಬಂತೆಂದರೆ ನಮ್ಮ ತೋಟದ ಲೈನುಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಕುಡಿಯುವ ಗಂಡನನ್ನೋ ಮಗನನ್ನೋ ಹೆಂಗಸರು ದೇವಾಲಯಕ್ಕೆ ಕರೆತಂದು, ಬೈಬಲಿನ ಮೇಲೆ ಕೈ ಇಡಿಸಿ, "ಇನ್ನು ಮುಟ್ಟುವುದಿಲ್ಲ" ಎಂದು ಆಣೆ ಹಾಕಿಸುತ್ತಾರೆ. ಉಪದೇಶಿಯಾದ ನಾನೇ ಎಷ್ಟೋ ಮಂದಿಗೆ ಆ ಮಾತುಗಳನ್ನು ಹೇಳಿಕೊಟ್ಟಿದ್ದೇನೆ. ಈಗ ಅದೇ ಪದ್ಧತಿಯ ವಿರುದ್ಧ ಬರೆಯಲು ಕೂತಿದ್ದೇನೆ. ದೇವರ ಮುಂದೆ ಮನಸ್ಸು ತಿರುಗಿಸಿಕೊಳ್ಳುವುದು ತಪ್ಪೆಂದು ಯಾರೂ ತಿಳಿಯಬಾರದು. ಆದರೆ ಬೆಳಗಾಗುತ್ತಲೇ ಕುಡಿಯದೆ ಇರಲಾರದ ಸ್ಥಿತಿಗೆ ಬಂದವನನ್ನು ವೈದ್ಯರಿಗೆ ತೋರಿಸದೆ ಒಂದೇ ದಿನದಲ್ಲಿ ನಿಲ್ಲಿಸಿಬಿಡುವುದು ಅವನ ಜೀವದೊಡನೆ ಆಡುವ ಆಟ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಅಣ್ಣನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವನು ತೋಟದಲ್ಲಿ ಮದ್ದು ಹೊಡೆಯುವ ಕೆಲಸದವನು. ಇಪ್ಪತ್ತು ವರ್ಷದ ಕುಡಿತ. ಕೊನೆಯ ಎರಡು ವರ್ಷವಂತೂ ಮುಸ್ಟರಿಗೆ ಹೋಗುವ ಮೊದಲು ಅರ್ಧ ಕ್ವಾರ್ಟರಾದರೂ ಹೊಟ್ಟೆಗೆ ಇಳಿಯದಿದ್ದರೆ ಕೈ ನಡುಕ ನಿಲ್ಲುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಬೂದಿ ಬುಧವಾರದ ದಿನ ನಾನೇ ಅವನಿಂದ ಆಣೆ ಹಾಕಿಸಿದೆ. ಅವನು ಮಾತಿಗೆ ತಪ್ಪಲಿಲ್ಲ. ಅದೇ ಅಪಾಯವಾಯಿತು.

ಅಂದು ರಾತ್ರಿಯೇ ಮೈಯೆಲ್ಲ ಬೆವರು, ವಾಂತಿ. ಅತ್ತಿಗೆ ಗಂಜಿ ಕೊಟ್ಟರೆ ಲೋಟ ಹಿಡಿಯಲಾರ. ಗುರುವಾರ ಬೆಳಗಿನ ಜಾವ ಒಂದು ಸಲ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಟ್ಟೆವು, ನಿಂತಿತು, ಸರಿಹೋಯಿತು ಅಂದುಕೊಂಡೆವು. ಶುಕ್ರವಾರ ಸಂಜೆ ಗೋಡೆಯ ಮೇಲೆಲ್ಲ ಜಿಗಣೆ ಹರಿಯುತ್ತಿವೆ ಎಂದು ಕೂಗತೊಡಗಿದ. ಸತ್ತುಹೋದ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ ಅಂದ. ಅತ್ತಿಗೆಯ ಗುರುತು ಹತ್ತಲಿಲ್ಲ. ಅಕ್ಕಪಕ್ಕದವರು ದೆವ್ವ ಅಂದರು. ಎಸ್‌ಎಸ್‌ಎಲ್‌ಸಿ ಓದಿದ ನಾನೂ ಹಾಗೆಯೇ ನಂಬಿ, ರಾತ್ರಿಯಿಡೀ ಜಪಮಾಲೆ ಹಿಡಿದು ಅವನ ಪಕ್ಕದಲ್ಲಿ ಕೂತೆ.

ಬೆಳಿಗ್ಗೆ ಕಂಪೌಂಡರರು ಬಂದು ನೋಡಿ, "ಮೂರು ದಿನ ಏನು ಮಾಡುತ್ತಿದ್ದಿರಿ?" ಎಂದು ನನ್ನನ್ನು ಬೈದದ್ದು ಇನ್ನೂ ಕಿವಿಯಲ್ಲಿದೆ. ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಅತ್ತಿಗೆ ಡಾಕ್ಟರಿಗೆ ಏನು ಹೇಳಿದರು ಗೊತ್ತೇ? "ಜ್ವರ ಸ್ವಾಮಿ, ಮೂರು ದಿನದಿಂದ ಜ್ವರ." ನಾಚಿಕೆ. ಉಪದೇಶಿಯ ಮನೆಯ ಮಾನ ಹೋಗಬಾರದೆಂದು. ನಾನೂ ಬಾಯಿ ಬಿಡಲಿಲ್ಲ. ಜೊತೆಗೆ ಬಂದಿದ್ದ ಕಂಪೌಂಡರರೇ ನಿಜ ಹೇಳಿದರು, ಆದ್ದರಿಂದ ಅಣ್ಣ ಉಳಿದ.

ಡಾಕ್ಟರು ನನಗೆ ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಮದ್ಯ ಮೆದುಳಿಗೆ ಬ್ರೇಕ್ ಇದ್ದ ಹಾಗೆ. ವರ್ಷಗಟ್ಟಲೆ ಬ್ರೇಕ್ ಹಿಡಿದೇ ಇದ್ದರೆ ಮೆದುಳು ಅದಕ್ಕೆ ಎದುರಾಗಿ ಹೆಚ್ಚು ವೇಗದಲ್ಲಿ ಓಡಲು ಕಲಿಯುತ್ತದೆ. ಒಮ್ಮೆಗೇ ಬ್ರೇಕ್ ಕಿತ್ತರೆ ಘಾಟಿ ಇಳಿಯುವ ಲಾರಿಯ ಗತಿ. ಕೊನೆಯ ಸಲ ಕುಡಿದ ಮೇಲೆ ಕೆಲವೇ ತಾಸುಗಳಲ್ಲಿ ನಡುಕ, ಮೊದಲ ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಬುದ್ಧಿ ಕಲಕುವುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದವನಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಡಯಾಜೆಪಾಮ್‌ನಂಥ ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸುತ್ತ, ಸುಮಾರು ಒಂದು ವಾರದಲ್ಲಿ ದೇಹವನ್ನು ಹಳಿಗೆ ತರುತ್ತಾರೆ. ಇನ್ನೊಂದು ಮಾತು: ಬಹಳ ಕುಡಿಯುವವರ ಮೈಯಲ್ಲಿ ಬಿ-1 ಜೀವಸತ್ವ ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟಾದೀತು. ಕುಡಿತದ ವಿಷಯ ಮುಚ್ಚಿಟ್ಟರೆ ಡಾಕ್ಟರಿಗೆ ಇದು ಹೇಗೆ ತಿಳಿಯಬೇಕು? ಎಷ್ಟು ವರ್ಷ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಿಂದ ಹೇಳಲು ನಾಚಿಕೆಯಾದರೆ ಚೀಟಿ ಕೊಟ್ಟರಾಯಿತು.

ಸಾರಿನಲ್ಲಿ, ಕಾಫಿಯಲ್ಲಿ ಗುಟ್ಟಾಗಿ ಪುಡಿ ಬೆರೆಸುವವರಿಗೂ ಎರಡು ಮಾತು. ಕುಡಿತ ಬಿಡಿಸುವ ಪುಡಿ ಎಂದು ಮಾರುವುದರಲ್ಲಿ ಏನಿದೆಯೋ ಮಾರುವವನಿಗೇ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ನಿಜವಾಗಿಯೂ ಇದೆ. ಅದನ್ನು ತಿನ್ನುತ್ತಿರುವವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ಕಣ್ಣಿನಡಿ ತೆಗೆದುಕೊಳ್ಳುವವನಿಗೆ ಅದು ಸಹಾಯ. ತಿಳಿಯದೆ ತಿಂದು ಶಾಪಿಗೆ ಹೋದವನಿಗೆ ವಿಷ.

ಶಾಪನ್ನೇ ಮುಚ್ಚಿಸಿದರೆ ಸಾಕಲ್ಲವೇ ಎಂದು ಸಂಘದ ಸಭೆಗಳಲ್ಲಿ ಕೇಳುತ್ತಾರೆ. ಮುಚ್ಚಲಿ, ನಾನೂ ಅರ್ಜಿಗೆ ಸಹಿ ಹಾಕಿದವನೇ. ಆದರೆ ಗೂಡಲೂರು, ಪಂದಲೂರು, ವಯನಾಡಿನ ನಾವು ಮೂರು ರಾಜ್ಯ ಕೂಡುವ ಮೂಲೆಯಲ್ಲಿದ್ದೇವೆ. ಕೇರಳದಲ್ಲಿ 1996ರಲ್ಲಿ, ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ತಮಿಳುನಾಡಿನಲ್ಲಿ 2003ರಿಂದ ಸರಕಾರದ ಟಾಸ್ಮಾಕ್ ಅಂಗಡಿಗಳೇ ಚಿಲ್ಲರೆ ಮಾರುತ್ತವೆ. ಕುಡಿಯಲೇಬೇಕಾದವನಿಗೆ ಯಾವ ಕಡೆಗಾದರೂ ಒಂದು ಬಸ್ಸು ಸಿಗುತ್ತದೆ.

ಎಲ್ಲಿಗೆ ಹೋಗಬೇಕು? ಮೊದಲು ಸರಕಾರಿ ಆಸ್ಪತ್ರೆಯ ಮನೋವೈದ್ಯರ ವಿಭಾಗ. ಹುಚ್ಚರ ಡಾಕ್ಟರು ಎಂದು ಹಿಂಜರಿಯಬೇಡಿ, ಈ ಕಾಯಿಲೆ ಅವರದೇ. ಫಿಟ್ಸ್ ಬಂದರೆ, ಬುದ್ಧಿ ಕಲಕಿದರೆ, ಕಾಯದೆ 108ಕ್ಕೆ ಫೋನ್ ಮಾಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ. ಚಟ ಬಿಡಿಸುವ ಬಗ್ಗೆ ಕೇಳಿ ತಿಳಿಯಲು 14446 ಎಂಬ ರಾಷ್ಟ್ರೀಯ ನಂಬರು ಇದೆ. ಮನಸ್ಸಿನ ಕಷ್ಟಕ್ಕೆ 14416, ಅದರಲ್ಲಿ ಕನ್ನಡವೂ ಉಂಟು. ಭಾಷೆ ಸಣ್ಣ ವಿಷಯವಲ್ಲ. ಅಣ್ಣ ಸಂಬಳದ ಲೆಕ್ಕವನ್ನು ತಮಿಳಿನಲ್ಲಿ ಚೆನ್ನಾಗಿಯೇ ಕೇಳುತ್ತಾನೆ, ಎದೆಯ ಸಂಕಟವನ್ನು ಮಾತ್ರ ಕನ್ನಡದಲ್ಲಲ್ಲದೆ ಹೇಳಲಾರ. ಹಾಗಾಗಿ ಎರಡನೆಯ ಸಲ ಮೈಸೂರಿಗೇ ಕರೆದುಕೊಂಡು ಹೋದೆವು. ಖಾಸಗಿ ಕೇಂದ್ರಕ್ಕೆ ಸೇರಿಸುವವರು ನೋಂದಣಿ ಇದೆಯೇ, ಡಾಕ್ಟರು ಬರುತ್ತಾರೆಯೇ ಎಂದು ಕೇಳಿ ಸೇರಿಸಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಎರಡನೆಯ ಸಲ ಎಂದೆನಲ್ಲ. ಹೌದು, ಮೊದಲ ಸಲ ನಿಂತದ್ದು ಏಳೇ ತಿಂಗಳು. ಬೋನಸ್ ಕೊಟ್ಟ ದಿನ ಮತ್ತೆ ಕುಡಿದು ಬಂದ. ದೇವರ ಆಣೆಯನ್ನೇ ಮುರಿದೆ, ಇನ್ನು ನನ್ನಿಂದ ಏನಾದೀತು ಎಂದು ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ದೇವಾಲಯದ ಕಡೆಗೂ ಬರಲಿಲ್ಲ. ಆಣೆಯ ಇನ್ನೊಂದು ಕೇಡು ಇದು. ಜ್ವರ ಮರುಕಳಿಸಿದರೆ ಆಸ್ಪತ್ರೆಗೆ ಹೋಗುತ್ತೇವೆ, ಆಣೆ ಮುರಿದವನು ಮುಖ ಮರೆಸಿಕೊಳ್ಳುತ್ತಾನೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರು, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಡಾಕ್ಟರು, ಕೂಡಿ ಎ.ಎ. ಸಂಘ ಕಟ್ಟಿದರು. ಅಲ್ಲಿ ಆಯುಷ್ಯಕ್ಕೆಲ್ಲ ಮಾತು ಕೊಡಿಸುವುದಿಲ್ಲ, ಇವತ್ತೊಂದು ದಿನ ಅನ್ನುತ್ತಾರೆ. ಮನೆಯವರಿಗೆಂದೇ 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಕೂಟವೂ ಹುಟ್ಟಿತು. ಮನೆಯವರೂ ಬಳಲಿರುತ್ತಾರೆ ಎಂಬುದು ಅವರಿಗೆ ಹೊಳೆಯಿತು, ನಮಗೆ ಹೊಳೆಯಲಿಲ್ಲ. ಅಣ್ಣನಿಗೆ ಇಡೀ ಲೈನು ಬುದ್ಧಿ ಹೇಳಿತು. ಅತ್ತಿಗೆಗೆ ಊಟವಾಯಿತೇ ಎಂದು ಕೇಳಿದವರು ಯಾರು?

ನನ್ನ ಸಲಹೆ ಇಷ್ಟು. ಉಪದೇಶಿಗಳು ಬರುವ ತಪಸ್ಸುಕಾಲದಲ್ಲಿ ವೈದ್ಯರನ್ನು ಕಾಣದವನಿಂದ ಆಣೆ ಹಾಕಿಸಬಾರದು. ಒಳ್ಳೆಯ ಸಮಾರ್ಯದವನು ಗಾಯಗೊಂಡವನಿಗೆ ಬುದ್ಧಿ ಹೇಳುತ್ತ ಕೂರಲಿಲ್ಲ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಖರ್ಚಿಗೆ ಎರಡು ನಾಣ್ಯ ಕೊಟ್ಟ. ನಮ್ಮ ಕೂಟದ ಹುಂಡಿಯಲ್ಲಿ ಹಬ್ಬದ ತೋರಣಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಆಸ್ಪತ್ರೆಗೆ ಹೋಗುವವನ ಬಸ್ಸಿಗೂ, ಜೊತೆಗೆ ಹೋಗುವವರ ಒಂದು ದಿನದ ಕೂಲಿಗೂ ಇಡೋಣ. ಯೂನಿಯನ್ನಿನವರು ಕೈ ಮುರಿದವನಿಗೆ ರಜೆ ಕೇಳುವಂತೆಯೇ ಇವನಿಗೂ ಡಾಕ್ಟರ ಸರ್ಟಿಫಿಕೇಟಿನೊಂದಿಗೆ ರಜೆ ಕೇಳಲಿ. ಕುಡಿದು ಕೆಲಸಕ್ಕೆ ಬಂದವನ ಪರವಾಗಿ ನಾವು ವಾದಿಸುತ್ತೇವೆ, ಬಿಡಲು ಹೊರಟವನ ಹಾಜರಿ ಹೋದರೆ ಸುಮ್ಮನಿರುತ್ತೇವೆ. ಇದು ಯಾವ ನ್ಯಾಯ?

ಅಣ್ಣ ಕುಡಿಯದೆ ಈಗ ಆರು ವರ್ಷ ದಾಟಿತು. ಎರಡು ತಿಂಗಳಿಗೊಮ್ಮೆ ಮೈಸೂರಿಗೆ ತೋರಿಸಲು ಹೋಗುತ್ತಾನೆ, ಅತ್ತಿಗೆ ಜೊತೆಗಿರುತ್ತಾರೆ. ಆ ದಿನ ಇಬ್ಬರದೂ ಹಾಜರಿ ಇಲ್ಲ.